ಟೈರ್ ರಿಮ್ಮಿಗೆ ಏರುತ್ತಿಲ್ಲವೇ? ಎದುರು ಬದಿ ನೋಡಿ

ಬೇಸಿಗೆಯ ಒಂದು ಭಾನುವಾರ ಧಾರವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಬೈಕಿನ ಹಿಂದಿನ ಚಕ್ರ, ಹೊಸ ಟೈರ್ ಮತ್ತು ಟೈರಿನ ಅಂಚನ್ನು ಎಬ್ಬಿಸುವ ಎರಡು ಲಿವರ್ ಇಟ್ಟುಕೊಂಡು ಕುಳಿತವನು ಊಟದ ಹೊತ್ತಿಗೂ ಏಳಲಿಲ್ಲ. ಟೈರಿನ ಎರಡನೆಯ ಅಂಚು ಮುಕ್ಕಾಲು ಪಾಲು ಒಳಗೆ ಹೋಗಿತ್ತು. ಉಳಿದ ಒಂದು ಗೇಣು ಮಾತ್ರ ಬಿಲ್ಲಿನ ಹೆದೆಯಂತೆ ಬಿಗಿದು ನಿಂತಿತ್ತು. ಮಂಡಿ ಊರಿದೆ, ಲಿವರಿಗೆ ಪೈಪು ಸಿಕ್ಕಿಸಿ ಎಳೆದೆ, ಕೊನೆಗೆ ಅದರ ಮೇಲೆ ನಿಂತೇ ಬಿಟ್ಟೆ. ಅಂಚು ಒಳಗೆ ಹೋಯಿತು. ಹವಾ ಹೊಡೆದರೆ ಟ್ಯೂಬ್ ಸುಯ್ಯೆಂದಿತು.

ಮರುದಿನ ಚಕ್ರ ಹೊತ್ತುಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ಲಿವರಿಗೆ ಕೈ ಹಾಕುವ ಮೊದಲು ನಾನು ನೋಡಿಯೇ ಇರದ ಕಡೆ, ಅಂದರೆ ಬಿಗಿಯಾದ ಜಾಗಕ್ಕೆ ನೇರ ಎದುರಿನಲ್ಲಿ, ಎರಡೂ ಮಂಡಿ ಊರಿ ಕುಳಿತರು. ‘ಇಲ್ಲಿ ಎಳೆದರೆ ಏನು ಬಂತು ಸರ್, ಅಲ್ಲಿ ಅದು ಮೇಲೆ ಏರಿ ಕುಳಿತಿದೆ’ ಎಂದರು. ಐದು ನಿಮಿಷದಲ್ಲಿ ಕೆಲಸ ಮುಗಿದಿತ್ತು. ಆಮೇಲೆ ನಾನು ನನ್ನ ಮತ್ತು ನೆರೆಹೊರೆಯವರ ಬೈಕುಗಳ ಟೈರ್ ಹಾಕುತ್ತಾ ಕಲಿತದ್ದನ್ನು, ಕೆಡಿಸಿಕೊಂಡು ಕಲಿತದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ನಿಮ್ಮ ಕಣ್ಣೆದುರು ಏನು ಆಗುತ್ತಿದೆಯೋ ಆ ತಲೆಬರಹಕ್ಕೆ ನೇರವಾಗಿ ಹೋಗಬಹುದು. ಆದರೆ ಮೊದಲ ಭಾಗವನ್ನು ಬಿಡಬೇಡಿ.

ಹೊಸ ಟೈರ್ ನೋಡಿದೊಡನೆ ಚಿಕ್ಕದೆನಿಸುತ್ತಿದೆ

ಹೊಸ ಟೈರ್ ಯಾವಾಗಲೂ ಚಿಕ್ಕದಾಗಿಯೇ ಕಾಣುತ್ತದೆ. ಆದರೂ ಕಾಸು ಖರ್ಚಿಲ್ಲದ ಪರೀಕ್ಷೆ ಇದೇ ಆದ್ದರಿಂದ ಮೊದಲು ಪಕ್ಕೆಯ ಮೇಲಿನ ಅಂಕಿ ಓದಿ. 2.75-18 ಎಂದಿದ್ದರೆ ಟೈರಿನ ಅಗಲ 2.75 ಇಂಚು, ಅದು ಕೂರಬೇಕಾದ ರಿಮ್ಮಿನ ಅಳತೆ 18 ಇಂಚು. 80/100-18 ಎಂದಿದ್ದರೆ ಅಗಲ 80 ಮಿಲಿಮೀಟರ್, ಪಕ್ಕೆಯ ಎತ್ತರ ಆ ಅಗಲದ ನೂರಕ್ಕೆ ನೂರು, ರಿಮ್ ಅದೇ 18. ಕೊನೆಯ ಅಂಕಿ ಹಳೆಯ ಟೈರಿನದರ ಜೊತೆ ಹೊಂದಲೇಬೇಕು. 17ರ ಟೈರನ್ನು 18ರ ರಿಮ್ಮಿಗೆ ಯಾವ ಪೈಲ್ವಾನನೂ ಹಾಕಲಾರ. ಹಾಕಲು ಹೋದರೆ ಟೈರಿನ ಅಂಚಿನೊಳಗಿನ ತಂತಿ ಕಡಿಯುತ್ತದೆ.

ಅಲ್ಲೇ ಪಕ್ಕದಲ್ಲಿ ನಾಲ್ಕು ಅಂಕಿಗಳ ಇನ್ನೊಂದು ಗುರುತು ಇರುತ್ತದೆ. 2319 ಎಂದರೆ 2019ನೆಯ ಇಸವಿಯ 23ನೆಯ ವಾರ ತಯಾರಾದದ್ದು. ಅಂಗಡಿಯ ಅಟ್ಟದಲ್ಲಿ ವರ್ಷಗಟ್ಟಲೆ ಮಲಗಿದ್ದ ಟೈರ್ ಗಡುಸಾಗಿರುತ್ತದೆ, ಏರಿಸುವಾಗ ಸತಾಯಿಸುತ್ತದೆ. ಅಂಥದ್ದನ್ನು ಕೊಳ್ಳುವಾಗಲೇ ಬೇಡವೆನ್ನಿ.

ಪಕ್ಕೆಯ ಮೇಲಿನ ಬಾಣದ ಗುರುತು ಚಕ್ರ ಮುಂದಕ್ಕೆ ಉರುಳುವ ದಿಕ್ಕನ್ನು ತೋರಿಸುತ್ತದೆ. ಇದನ್ನು ನೋಡದೆ ಹಾಕಿ, ಎಲ್ಲ ಮುಗಿದ ಮೇಲೆ ಹಣೆ ಚಚ್ಚಿಕೊಂಡವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಹಳದಿ ಚುಕ್ಕೆಯಿದ್ದರೆ ಅದು ಟೈರಿನ ಹಗುರ ಜಾಗ. ವಾಲ್ವ್ ಇರುವ ಕಡೆಗೆ ಬರುವಂತೆ ಹಾಕುವುದು ವಾಡಿಕೆ.

ಇನ್ನೊಂದು ಮಾತು. ಟ್ಯೂಬ್‌ಲೆಸ್ ಎಂದು ಬರೆದ ಟೈರ್ ತಂದು ಸಾಮಾನ್ಯ ಕಡ್ಡಿ ಚಕ್ರಕ್ಕೆ ಹಾಕಿದರೆ ಚಕ್ರ ಟ್ಯೂಬ್‌ಲೆಸ್ ಆಗುವುದಿಲ್ಲ. ಕಡ್ಡಿಗಳ ಬುಡದ ತೂತುಗಳಿಂದ ಹವಾ ಹೋಗುತ್ತದೆ, ಒಳಗೆ ಟ್ಯೂಬ್ ಇರಲೇಬೇಕು.

ಹವಾ ಪೂರ್ತಿ ಬಿಟ್ಟರೂ ಹಳೆಯ ಟೈರ್ ರಿಮ್ಮನ್ನು ಬಿಡುತ್ತಿಲ್ಲ

ವಾಲ್ವಿನ ಪಿನ್ ಒತ್ತಿ ಹವಾ ಬಿಟ್ಟಿದ್ದೀರೋ, ಪಿನ್ನನ್ನೇ ತಿರುಗಿಸಿ ಹೊರತೆಗೆದಿದ್ದೀರೋ? ಒತ್ತಿ ಬಿಟ್ಟಿದ್ದರೆ ಒಳಗೆ ಇನ್ನೂ ಸ್ವಲ್ಪ ಉಳಿದಿರುತ್ತದೆ. ಪಿನ್ ತೆಗೆಯಿರಿ, ಟ್ಯೂಬ್ ಇದ್ದರೆ ವಾಲ್ವಿನ ನಟ್ಟನ್ನೂ ಬಿಚ್ಚಿ.

ಆಮೇಲೆ ಚಕ್ರವನ್ನು ಗೋಣಿಚೀಲದ ಮೇಲೆ ಅಥವಾ ಹಳೆಯ ಟೈರಿನ ಮೇಲೆ ಮಲಗಿಸಿ. ಡಿಸ್ಕ್ ಇರುವ ಬದಿ ಮೇಲಿರಲಿ. ಡಿಸ್ಕಿನ ಮೇಲೆ ಭಾರ ಬಿದ್ದರೆ ಅದು ಸೊಟ್ಟಗಾಗುತ್ತದೆ, ಬ್ರೇಕ್ ಹಿಡಿದಾಗಲೆಲ್ಲ ಬ್ರೇಕಿನ ಲಿವರ್ ಕೈಯಲ್ಲಿ ಮಿಡಿಯುತ್ತದೆ. ರಿಮ್ ಮತ್ತು ಟೈರ್ ಸೇರುವ ಗೆರೆಯ ಸುತ್ತ ಸಾಬೂನು ನೀರು ಹೊಯ್ದು ಹತ್ತು ನಿಮಿಷ ಬಿಡಿ. ಬಳಿಕ ಹಿಮ್ಮಡಿಯನ್ನು ರಿಮ್ಮಿಗೆ ತೀರ ಹತ್ತಿರ, ಟೈರಿನ ಪಕ್ಕೆಯ ಮೇಲೆ ಇಟ್ಟು ಇಡೀ ಮೈ ಭಾರ ಹಾಕಿ. ಒಂದೇ ಕಡೆ ಕುಣಿಯಬೇಡಿ, ಅರ್ಧ ಅಡಿ ಅರ್ಧ ಅಡಿ ಸರಿಯುತ್ತಾ ಸುತ್ತು ಬನ್ನಿ. ಟ್ಯೂಬ್ ಇರುವ ಟೈರುಗಳು ಸಾಮಾನ್ಯವಾಗಿ ಇಷ್ಟಕ್ಕೇ ಸೋಲುತ್ತವೆ.

ಟ್ಯೂಬ್‌ಲೆಸ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಹವಾ ಕಡಿಮೆಯಾದಾಗ ಟೈರ್ ಜಾರಿ ಬೀಳಬಾರದೆಂದು ಆ ರಿಮ್ಮಿನಲ್ಲಿ ಒಂದು ಸಣ್ಣ ಏಣು ಇಟ್ಟಿರುತ್ತಾರೆ, ಅದನ್ನು ದಾಟಿಸಬೇಕು. ಮನೆಯಲ್ಲಿ ಬಡಗಿಯ ಸಿ ಆಕಾರದ ಕ್ಲ್ಯಾಂಪ್ ಇದ್ದರೆ ಅದರ ಬಾಯಿಗೆ ಮರದ ತುಂಡು ಕೊಟ್ಟು ಟೈರನ್ನು ಮಾತ್ರ ಅದುಮಿ. ಇಲ್ಲದಿದ್ದರೆ ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ಟೈರಿನ ಪಕ್ಕೆಯ ಮೇಲೆ ಊರಿ, ಆ ಬೈಕನ್ನು ಮೆಲ್ಲಗೆ ಆ ಕಡೆ ವಾಲಿಸುವ ಉಪಾಯವಿದೆ. ಇದಕ್ಕೆ ಬೈಕ್ ಹಿಡಿಯಲು ಗಟ್ಟಿ ಕೈಯ ಎರಡನೆಯ ಮನುಷ್ಯ ಬೇಕು. ಒಬ್ಬರೇ ಮಾಡಿದರೆ ಬೈಕ್ ನಿಮ್ಮ ಮೇಲೆಯೇ ಬರುತ್ತದೆ.

ಅಲಾಯ್ ಚಕ್ರವನ್ನು ಸುತ್ತಿಗೆಯಿಂದ ಬಡಿಯಬೇಡಿ. ಕಬ್ಬಿಣದ ರಿಮ್ ತಗ್ಗು ಬೀಳುತ್ತದೆ, ಅಲಾಯ್ ಸೀಳುತ್ತದೆ. ಟೈರ್ ಬಿಟ್ಟ ಜಾಗದಲ್ಲಿ ಕಂದು ಪುಡಿ ಉದುರಿದರೆ ಅದು ತುಕ್ಕು. ಅಣ್ಣಿಗೇರಿ, ನವಲಗುಂದದ ಕಡೆ ಹೊಲಕ್ಕೆ ಹೋಗುವ ಬೈಕುಗಳಲ್ಲಿ ಇದು ಹೆಚ್ಚು. ಮಳೆಗಾಲದ ಎರೆ ಮಣ್ಣು ರಿಮ್ಮಿಗೆ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿರುತ್ತದೆ. ಟೈರ್ ಬಂದ ಮೇಲೆ ಆ ಜಾಗವನ್ನು ಮರಳುಕಾಗದದಿಂದ ಉಜ್ಜಿ ಒರೆಸಿ. ತುಕ್ಕು ರಿಮ್ಮನ್ನು ತಿಂದು ತೂತು ಮಾಡಿದ್ದರೆ ಹೊಸ ಟೈರಿನ ಕೆಲಸ ಅಲ್ಲಿಗೇ ನಿಲ್ಲಲಿ, ಮೊದಲು ರಿಮ್ ಬದಲಾಗಬೇಕು.

ಕೊನೆಯ ಒಂದು ಗೇಣು ಒಳಗೆ ಹೋಗುತ್ತಿಲ್ಲ

ನನ್ನನ್ನು ಆ ಭಾನುವಾರ ಕಟ್ಟೆಯ ಮೇಲೆ ಕೂರಿಸಿದ ತೊಂದರೆ ಇದೇ. ಕಾರಣ ತಿಳಿದರೆ ಅರ್ಧ ಶಕ್ತಿ ಸಾಕು, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟೈರಿನ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಯ ಬಳೆ ಇದೆ. ರಬ್ಬರ್ ಹಿಗ್ಗುತ್ತದೆ, ಆ ಬಳೆ ಹಿಗ್ಗುವುದಿಲ್ಲ. 18 ಇಂಚಿನ ಟೈರಿನಲ್ಲಿ ಅದರ ಸುತ್ತಳತೆ ಸುಮಾರು 144 ಸೆಂಟಿಮೀಟರ್. ನೀವು ಎಷ್ಟೇ ಎಳೆದರೂ ಅಷ್ಟೇ. ರಿಮ್ಮಿನ ಹೊರ ಅಂಚು ಬೀಡ್ ಕೂರುವ ಜಾಗಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಎತ್ತರ. ಚಿಕ್ಕ ಬಳೆ ದೊಡ್ಡ ಅಂಚನ್ನು ದಾಟುವುದು ಹೇಗೆ? ಅದಕ್ಕೆಂದೇ ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು ಇದೆ. ಬೀಡ್ ಒಂದು ಬದಿಯಲ್ಲಿ ಆ ತಗ್ಗಿಗೆ ಇಳಿದರೆ ಎದುರು ಬದಿಯಲ್ಲಿ ಅಷ್ಟು ಸಡಿಲು ಸಿಗುತ್ತದೆ. ಬಿಗಿ ಬಳೆ ತೊಡಿಸುವ ಬಳೆಗಾರ ಅಂಗೈಯನ್ನು ಒತ್ತಿ ಕಿರಿದು ಮಾಡುತ್ತಾನಲ್ಲ, ಬಳೆಯನ್ನು ಹಿಗ್ಗಿಸಲು ಹೋಗುತ್ತಾನೆಯೇ?

ಆದ್ದರಿಂದ ಲಿವರ್ ಗಟ್ಟಿಯಾಯಿತು ಎನ್ನಿಸಿದ ಕ್ಷಣ ಅದನ್ನು ಬಿಟ್ಟು ಎದುರು ಬದಿಗೆ ಹೋಗಿ. ಹೆಬ್ಬೆರಳಿನಿಂದ ಟೈರನ್ನು ಒಳಕ್ಕೆ ಒತ್ತಿ ನೋಡಿ. ಬೀಡ್ ತಗ್ಗಿನಲ್ಲಿದ್ದರೆ ಟೈರ್ ಸಡಿಲವಾಗಿ ಅಲುಗುತ್ತದೆ. ಮೇಲೆ ಏರಿ ತನ್ನ ಪೀಠದಲ್ಲಿ ಕುಳಿತಿದ್ದರೆ ಕಲ್ಲಿನಂತೆ ನಿಂತಿರುತ್ತದೆ. ಹಾಗಿದ್ದರೆ ಮಂಡಿಯಿಂದ ಒತ್ತಿ ತಗ್ಗಿಗೆ ಇಳಿಸಿ, ಮಂಡಿ ತೆಗೆಯದೆ ಎರಡೂ ಅಂಗೈಗಳಿಂದ ಸಡಿಲನ್ನು ಬಿಗಿಯ ಕಡೆಗೆ ನೂಕುತ್ತಾ ಬನ್ನಿ. ಮಂಡಿ ಎತ್ತಿದರೆ ಬೀಡ್ ಮತ್ತೆ ಏರುತ್ತದೆ. ಒಬ್ಬರೇ ಇದ್ದಾಗ ಎದುರು ಬದಿಯಲ್ಲಿ ರಿಮ್ಮಿಗೂ ಟೈರಿಗೂ ನಡುವೆ ಮೆತ್ತನೆಯ ಮರದ ಚಕ್ಕೆ ಸಿಕ್ಕಿಸಿದರೆ ಅದೇ ಮಂಡಿಯ ಕೆಲಸ ಮಾಡುತ್ತದೆ.

ಇಷ್ಟಾದರೂ ಹೋಗದಿದ್ದರೆ ಯಾವ ಕಡೆಯಿಂದ ಶುರು ಮಾಡಿದಿರಿ ಎಂಬುದನ್ನು ನೆನಪಿಸಿಕೊಳ್ಳಿ. ಟ್ಯೂಬ್ ಇರುವ ಚಕ್ರದಲ್ಲಿ ವಾಲ್ವಿನ ಬುಡ ದಪ್ಪಗಿದ್ದು ಆ ತಗ್ಗಿನಲ್ಲೇ ಕುಳಿತಿರುತ್ತದೆ. ವಾಲ್ವಿನ ಬಳಿ ಶುರು ಮಾಡಿ ಅದರ ಎದುರು ಬದಿಯಲ್ಲಿ ಮುಗಿಸಲು ಹೋದರೆ, ತಗ್ಗು ಬೇಕಾದ ಜಾಗದಲ್ಲೇ ಅದು ತುಂಬಿರುತ್ತದೆ. ನಾನು ಮಾಡಿದ್ದು ಇದನ್ನೇ. ವಾಲ್ವಿನ ಎದುರಿನಿಂದ ಶುರು ಮಾಡಿ, ಎರಡೂ ಕಡೆಯಿಂದ ಸಮನಾಗಿ ಬಂದು, ವಾಲ್ವಿನ ಬಳಿ ಮುಗಿಸಿ. ಕೊನೆಯಲ್ಲಿ ವಾಲ್ವನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದರೆ ಟ್ಯೂಬ್ ಮೇಲಕ್ಕೆ ಸರಿದು ಬೀಡಿಗೆ ದಾರಿ ಬಿಡುತ್ತದೆ.

ಲಿವರ್ ಕೊಡುವ ಸೂಚನೆಗಳೂ ಬೇರೆ ಬೇರೆ. ಅದು ಸ್ಪ್ರಿಂಗಿನಂತೆ ಹಿಂದಕ್ಕೆ ಚಿಮ್ಮಿದರೆ ಎದುರು ಬದಿ ಏರಿದೆ ಎಂದೇ ತಿಳಿಯಿರಿ. ಕಿರ್ರೆಂದು ಸದ್ದು ಮಾಡುತ್ತಾ ರಬ್ಬರ್ ಅಂಟಿಕೊಂಡರೆ ಒಣಗಿದೆ, ಸಾಬೂನು ನೀರು ಬೇಕು. ಇತ್ತ ಎರಡು ಬೆರಳು ಒಳಗೆ ಹೋದರೆ ಅತ್ತ ಎರಡು ಬೆರಳು ಹೊರಬರುತ್ತಿದ್ದರೆ ಮೂರನೆಯ ಲಿವರ್ ಇಲ್ಲದ ಕೊರತೆ ಅದು; ಒಳಗೆ ಹೋದ ತುದಿಯನ್ನು ಒಂದರಿಂದ ಹಿಡಿದಿಟ್ಟು ಉಳಿದ ಎರಡರಿಂದ ಕೆಲಸ ಮಾಡಿ. ಒಮ್ಮೆಗೆ ಎರಡು ಇಂಚಿಗಿಂತ ಹೆಚ್ಚಿನ ತುತ್ತು ತೆಗೆದುಕೊಳ್ಳಬೇಡಿ. ಸ್ಕ್ರೂಡ್ರೈವರ್ ಅಂತೂ ಬೇಡವೇ ಬೇಡ, ಅದರ ಮೊನಚು ತುದಿ ಟ್ಯೂಬಿಗೆ ನೇರ ಶತ್ರು.

ಜಾರುವುದಕ್ಕೆ ಪಾತ್ರೆ ತೊಳೆಯುವ ದ್ರವವನ್ನು ನೀರಿನಲ್ಲಿ ಕದಡಿ ಬಟ್ಟೆಯಿಂದ ಬೀಡಿಗೆ ಸವರಿದರೆ ಸಾಕು, ಟೈರ್ ಅಂಗಡಿಯ ಪೇಸ್ಟ್ ಸಿಕ್ಕರೆ ಇನ್ನೂ ಒಳ್ಳೆಯದು. ಎಂಜಿನ್ ಆಯಿಲ್, ಗ್ರೀಸ್, ಡೀಸೆಲ್ ರಬ್ಬರನ್ನು ಊದಿಸಿ ಹಾಳು ಮಾಡುತ್ತವೆ. ಶೇಂಗಾ ಎಣ್ಣೆಯನ್ನೂ ಒಬ್ಬರು ಸಲಹೆ ಮಾಡಿದ್ದರು. ಸಾಬೂನು ನೀರು ಒಣಗಿ ಹಿಡಿತ ಬರುತ್ತದೆ, ಎಣ್ಣೆ ಒಣಗುವುದಿಲ್ಲ. ಜೋರಾಗಿ ಬ್ರೇಕ್ ಹಿಡಿದಾಗ ಟೈರ್ ರಿಮ್ಮಿನ ಮೇಲೆ ಜಾರಿ ವಾಲ್ವನ್ನು ಕಿತ್ತುಕೊಂಡು ಹೋಗುತ್ತದೆ. ಎಣ್ಣೆ ಒಗ್ಗರಣೆಗೆ ಇರಲಿ.

ಬಿಸಿಲು ಪುಕ್ಕಟೆ ಸಹಾಯಕ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ತಾರಸಿಯ ಮೇಲೆ ಅರ್ಧ ತಾಸು ಇಟ್ಟ ಟೈರ್ ಕೈಯಲ್ಲಿ ಮೆತ್ತಗೆ ಬಾಗುತ್ತದೆ. ಜುಲೈಯಲ್ಲಿ ಧಾರವಾಡದ ಜಿಟಿಜಿಟಿ ಮಳೆಯ ನಡುವೆ ಅದೇ ಟೈರ್ ಹಟ ಹಿಡಿಯುತ್ತದೆ. ಆಗ ಬಕೆಟ್ಟಿನ ಬಿಸಿ ನೀರನ್ನು ಟೈರಿನ ಮೇಲೆ ಸುರಿದು ಮೆತ್ತಗಾಗಿಸಿ. ಕುದಿಯುವ ನೀರು ಬೇಡ, ಬೆಂಕಿಯ ಹತ್ತಿರ ಒಯ್ಯುವುದಂತೂ ಬೇಡ.

ನಿಲ್ಲಿಸಬೇಕಾದ ಗುರುತು ಎರಡು. ಲಿವರಿನ ಕೆಳಗೆ ರಿಮ್ಮಿನ ಅಂಚು ಬಾಗಲು ಶುರುವಾದರೆ ನಿಲ್ಲಿಸಿ. ಬೀಡಿನ ರಬ್ಬರ್ ಹರಿದು ಒಳಗಿನ ತಂತಿ ಕಂಡರೆ ಆ ಟೈರಿನ ಆಯುಸ್ಸು ಮುಗಿಯಿತು. ಹೊಸದು, ಕಾಸು ಕೊಟ್ಟದ್ದು ಎಂಬ ಮೋಹ ಬೇಡ. ಹವಾ ತುಂಬುವಾಗಲೇ ಅದು ಸಿಡಿಯಬಹುದು.

ಟೈರ್ ಕೂತಿತು, ಆದರೆ ಟ್ಯೂಬಿನಲ್ಲಿ ಹವಾ ನಿಲ್ಲುತ್ತಿಲ್ಲ

ಟ್ಯೂಬ್ ಹೊರತೆಗೆಯುವ ಮೊದಲು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿ. ಗುಳ್ಳೆ ಬಂದರೆ ಪಿನ್ ಸಡಿಲವಿದೆ ಅಥವಾ ಕಸ ಸಿಕ್ಕಿಕೊಂಡಿದೆ. ಎಷ್ಟೋ ಸಲ ಇಡೀ ಚಕ್ರ ಬಿಚ್ಚಿದ ಮೇಲೆ ಗೊತ್ತಾಗುವುದು ಇಷ್ಟೇ ಸಂಗತಿ.

ಪಿನ್ ಸರಿಯಿದ್ದರೆ ಟ್ಯೂಬ್ ತೆಗೆಯಿರಿ. ಆದರೆ ವಾಲ್ವ್ ಎಲ್ಲಿತ್ತು, ಟ್ಯೂಬಿನ ಯಾವ ಮುಖ ಎತ್ತ ಇತ್ತು ಎಂಬುದನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡು ತೆಗೆಯಿರಿ. ತೂತು ಎಲ್ಲಿದೆ ಎನ್ನುವುದೇ ಕಾರಣವನ್ನೂ ಹೇಳುತ್ತದೆ. ಅಕ್ಕಪಕ್ಕ ಎರಡು ಸಣ್ಣ ಸೀಳು ಇದ್ದರೆ ಲಿವರ್ ಕಚ್ಚಿದೆ, ತಪ್ಪು ನಿಮ್ಮದೇ. ನೆಲದ ಕಡೆಯ ಮುಖದಲ್ಲಿ ಒಂದೇ ತೂತು ಇದ್ದರೆ ಮುಳ್ಳು ಟೈರಿನಲ್ಲಿ ಇನ್ನೂ ಇದೆ. ರಿಮ್ಮಿನ ಕಡೆಯ ಮುಖದಲ್ಲಿ ತೂತು ಬಿದ್ದಿದ್ದರೆ ಕಡ್ಡಿಯ ತುದಿ ಚುಚ್ಚಿದೆ, ರಿಮ್ಮಿನ ಸುತ್ತ ಇರುವ ರಬ್ಬರ್ ಪಟ್ಟಿ ಹರಿದಿದೆ ಅಥವಾ ಸರಿದಿದೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಅದಕ್ಕೆ ತೇಪೆ ನಿಲ್ಲುವುದಿಲ್ಲ, ಹೊಸ ಟ್ಯೂಬೇ ಗತಿ.

ಮುಳ್ಳನ್ನು ಹುಡುಕಲು ಬರಿಗೈ ಹಾಕಬೇಡಿ. ಗದಗ ರಸ್ತೆಯ ಬದಿಯುದ್ದಕ್ಕೂ ಬೆಳೆದ ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೆ ಮುರಿದು, ಹೊರಗೆ ಏನೂ ಕಾಣದಂತೆ ಒಳಗೆ ಸಾಸಿವೆಯಷ್ಟು ಮೊನೆ ಚಾಚಿಕೊಂಡಿರುತ್ತದೆ. ಹಳೆಯ ಬನಿಯನ್ನಿನ ತುಂಡನ್ನು ಟೈರಿನ ಒಳಮೈಗೆ ಒತ್ತಿ ನಿಧಾನವಾಗಿ ಸುತ್ತು ಎಳೆಯಿರಿ. ಎಲ್ಲಿ ನೂಲು ಸಿಕ್ಕಿ ನಿಲ್ಲುತ್ತದೆಯೋ ಅಲ್ಲಿದೆ ಮುಳ್ಳು. ಇಕ್ಕಳದಿಂದ ಒಳಗಿನಿಂದಲೇ ಎಳೆದು ತೆಗೆಯಿರಿ. ಒಮ್ಮೆ ಹೀಗೆ ಒಂದೇ ಟೈರಿನಲ್ಲಿ ನಾಲ್ಕು ಸಿಕ್ಕಿದ್ದವು. ಮೊದಲನೆಯದು ಸಿಕ್ಕಿತೆಂದು ನಿಲ್ಲಿಸಿದ್ದರೆ ಸಂಜೆಗೆ ಮತ್ತೆ ಅದೇ ಕಥೆಯಾಗುತ್ತಿತ್ತು.

ಟ್ಯೂಬ್ ಮತ್ತೆ ಲಿವರಿಗೆ ಸಿಗದಿರಲು ಅದನ್ನು ಆಕಾರ ಬರುವಷ್ಟು ಮಾತ್ರ ಹವಾ ತುಂಬಿ ಒಳಗಿಡಿ. ಖಾಲಿ ಟ್ಯೂಬ್ ಮಡಚಿಕೊಂಡು ಲಿವರಿನ ಬಾಯಿಗೆ ಬರುತ್ತದೆ, ಹೆಚ್ಚು ಉಬ್ಬಿದ್ದು ಬೀಡನ್ನು ತಗ್ಗಿಗೆ ಇಳಿಯಲು ಬಿಡುವುದಿಲ್ಲ. ಮೈಗೆ ಸ್ವಲ್ಪ ಪೌಡರ್ ಹಚ್ಚಿದರೆ ಟೈರಿಗೆ ಅಂಟದೆ ಸರಿದುಕೊಳ್ಳುತ್ತದೆ.

ವಾಲ್ವ್ ಒಂದು ಕಡೆ ವಾಲಿದೆ

ಹಾಕಿದ ದಿನವೇ ವಾಲಿದ್ದರೆ ಟ್ಯೂಬ್ ತಿರುಚಿಕೊಂಡಿದೆ. ಹವಾ ಬಿಟ್ಟು, ಬೀಡ್ ಸಡಿಲಿಸಿ, ಟೈರನ್ನು ಟ್ಯೂಬಿನ ಸಮೇತ ರಿಮ್ಮಿನ ಮೇಲೆ ತಿರುಗಿಸಿ ನೇರ ಮಾಡಿ. ಕೆಲವು ದಿನ ಓಡಿದ ಮೇಲೆ ವಾಲಿದರೆ ಹವಾ ಕಡಿಮೆ ಇಟ್ಟುಕೊಂಡು ಓಡಿಸಿದ್ದೀರಿ ಅಥವಾ ಎಣ್ಣೆ ಸವರಿದ್ದೀರಿ. ವಾಲ್ವಿನ ನಟ್ಟನ್ನು ರಿಮ್ಮಿಗೆ ಪಾನಾ ಹಾಕಿ ಬಿಗಿಯುವ ಅಭ್ಯಾಸ ಒಳ್ಳೆಯದಲ್ಲ. ಸ್ವಲ್ಪ ಸಡಿಲ ಬಿಟ್ಟರೆ ಟೈರ್ ಸರಿದದ್ದು ವಾಲ್ವ್ ಹರಿಯುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಟ್ಯೂಬ್‌ಲೆಸ್ ಟೈರಿಗೆ ಎಷ್ಟು ಪಂಪ್ ಹೊಡೆದರೂ ಸುತ್ತಲೂ ಸೋರುತ್ತಿದೆ

ಇಲ್ಲಿ ಬೇಕಾದದ್ದು ಒಮ್ಮೆಗೆ ನುಗ್ಗುವ ಹವಾ. ಕೈಪಂಪು ಕೊಡುವ ಹವಾ ಬೀಡ್ ಮತ್ತು ರಿಮ್ಮಿನ ಸಂದಿಯಿಂದ ಅಷ್ಟೇ ವೇಗದಲ್ಲಿ ಹೊರಗೆ ಹೋಗುತ್ತದೆ. ಮೊದಲು ವಾಲ್ವಿನ ಪಿನ್ ತೆಗೆದು ಹವಾದ ದಾರಿಯನ್ನು ಅಗಲ ಮಾಡಿ. ಬೀಡಿಗೆ ಧಾರಾಳವಾಗಿ ಸಾಬೂನು ನೀರು ಹಚ್ಚಿ. ಚಕ್ರವನ್ನು ನಿಲ್ಲಿಸಿ ನೆಲಕ್ಕೆ ಕುಟ್ಟುತ್ತಾ ಉರುಳಿಸಿದರೆ ಬೀಡ್‌ಗಳು ಹೊರಕ್ಕೆ ಸರಿಯುತ್ತವೆ. ಬಳಿಕ ಟೈರಿನ ನೆತ್ತಿಯ ಸುತ್ತ ಗಟ್ಟಿ ಹಗ್ಗ ಕಟ್ಟಿ, ಹಗ್ಗದಲ್ಲಿ ಕೋಲು ಸಿಕ್ಕಿಸಿ ತಿರುಚಿ ಬಿಗಿಯಿರಿ. ನೆತ್ತಿ ಒಳಕ್ಕೆ ಒತ್ತಿದಂತೆ ಪಕ್ಕೆಗಳು ಅಗಲಿ ರಿಮ್ಮಿಗೆ ತಾಗುತ್ತವೆ. ಬೀಡ್ ಹಿಡಿದ ತಕ್ಷಣ, ಒತ್ತಡ ಏರುವ ಮೊದಲೇ, ಹಗ್ಗ ಬಿಚ್ಚಿ.

ಇಷ್ಟಕ್ಕೂ ಬಗ್ಗದಿದ್ದರೆ ಚಕ್ರವನ್ನು ಕಂಪ್ರೆಸರ್ ಇರುವ ಅಂಗಡಿಗೆ ಒಯ್ಯಿರಿ. ಟೈರಿನೊಳಗೆ ಪೆಟ್ರೋಲ್ ಅಥವಾ ಸ್ಪ್ರೇ ಸಿಂಪಡಿಸಿ ಕಡ್ಡಿ ಗೀರಿ ‘ಢಂ’ ಎನಿಸುವ ವಿಡಿಯೊಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಅದನ್ನು ಮನೆಯಲ್ಲಿ ಮಾಡಬೇಡಿ. ಆ ಸ್ಫೋಟದ ಒತ್ತಡಕ್ಕೆ ಮಿತಿಯಿಲ್ಲ, ಕೈಯಿಗೂ ಕಣ್ಣಿಗೂ ಬದಲಿ ಬಿಡಿಭಾಗ ಸಿಗುವುದಿಲ್ಲ.

ಟೈರ್ ಒಂದು ಕಡೆ ಒಳಗೆ, ಒಂದು ಕಡೆ ಹೊರಗೆ ಕಾಣುತ್ತಿದೆ

ರಿಮ್ಮಿನ ಅಂಚಿನ ಪಕ್ಕದಲ್ಲೇ ಟೈರಿನ ಮೇಲೆ ಒಂದು ತೆಳು ಗೆರೆ ಸುತ್ತಲೂ ಇರುತ್ತದೆ. ಅದು ರಿಮ್ಮಿನಿಂದ ಎಲ್ಲ ಕಡೆ ಸಮ ದೂರದಲ್ಲಿರಬೇಕು. ಒಂದು ಕಡೆ ಗೆರೆ ಮುಳುಗಿ ಇನ್ನೊಂದು ಕಡೆ ಎದ್ದು ಕಂಡರೆ ಬೀಡ್ ಅಲ್ಲಿ ಪೀಠಕ್ಕೆ ಏರಿಲ್ಲ. ಎರಡೂ ಬದಿ ನೋಡಿ, ನಾವು ಮರೆಯುವುದು ಆಚೆ ಬದಿಯನ್ನೇ.

ಹೆಚ್ಚು ಹವಾ ಹೊಡೆಯುವುದಕ್ಕಿಂತ ಮೊದಲು ಪೂರ್ತಿ ಹವಾ ಬಿಟ್ಟು, ಮುಳುಗಿದ ಜಾಗಕ್ಕೆ ಮತ್ತೆ ಸಾಬೂನು ನೀರು ಹಚ್ಚಿ, ಚಕ್ರವನ್ನು ನೆಲಕ್ಕೆ ಕುಟ್ಟಿ, ಮತ್ತೆ ತುಂಬಿ. ಪಟ್ ಎಂದು ಸದ್ದು ಬಂದರೆ ಬೀಡ್ ಕೂತಿತೆಂದು ಅರ್ಥ. ಟ್ಯೂಬ್‌ಲೆಸ್‌ನಲ್ಲಿ ಬದಿಗೊಂದರಂತೆ ಎರಡು ಸಲ ಕೇಳುತ್ತದೆ. ಟ್ಯೂಬಿನ ಟೈರು ಕೆಲವೊಮ್ಮೆ ಸದ್ದಿಲ್ಲದೆ ಕೂರುತ್ತದೆ, ಅಲ್ಲಿ ಕಿವಿಗಿಂತ ಗೆರೆಯನ್ನೇ ನಂಬಿ.

ಒತ್ತಡದ ಮಿತಿ ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. ಅಲ್ಲಿ 280 ಕಿಲೊಪಾಸ್ಕಲ್ ಎಂದಿದ್ದರೆ ಅದು ನಮ್ಮ ಮೀಟರಿನ ಲೆಕ್ಕದಲ್ಲಿ ಸುಮಾರು 40 ಪಿಎಸ್‌ಐ. ನಾನು ಮನೆಯಲ್ಲಿ ಅದನ್ನು ದಾಟುವುದಿಲ್ಲ. ತುಂಬುವಾಗ ಮುಖವನ್ನು ಚಕ್ರದ ಮೇಲೆ ಬಾಗಿಸಬೇಡಿ, ಬೆರಳನ್ನು ಬೀಡ್ ಮತ್ತು ರಿಮ್ಮಿನ ನಡುವೆ ಇಡಬೇಡಿ, ಕನ್ನಡಕ ಹಾಕಿಕೊಳ್ಳಿ, ನೋಡಲು ಬಂದ ಮಕ್ಕಳನ್ನು ಒಳಗೆ ಕಳುಹಿಸಿ. ಮೂರು ಸಲ ಹೀಗೆ ಮಾಡಿದರೂ ಗೆರೆ ಸಮವಾಗದಿದ್ದರೆ ರಿಮ್ ಸೊಟ್ಟಗಿರಬಹುದು ಅಥವಾ ಬೀಡ್ ಮುರಿದಿರಬಹುದು. ಇದು ಬಲ್ಲವರ ಕೈಗೆ ಒಪ್ಪಿಸಬೇಕಾದ ಹಂತ. ಬೀಡ್ ಕೂತ ಮೇಲೆ ತೆಗೆದಿಟ್ಟ ಪಿನ್ನನ್ನು ಮತ್ತೆ ಹಾಕಿ, ಬೈಕಿನ ಸ್ಟಿಕ್ಕರ್ ಹೇಳುವ ಒತ್ತಡಕ್ಕೆ ತನ್ನಿ.

ರಾತ್ರಿ ಸರಿಯಿತ್ತು, ಬೆಳಿಗ್ಗೆ ಹವಾ ಇಳಿದಿದೆ

ಮಗ್ಗಿನಲ್ಲಿ ಸಾಬೂನು ನೊರೆ ಮಾಡಿ ವಾಲ್ವಿನ ಬಾಯಿ, ವಾಲ್ವಿನ ಬುಡ, ರಿಮ್ಮಿನ ಎರಡೂ ಅಂಚು, ಕೊನೆಗೆ ಟೈರಿನ ನೆತ್ತಿ, ಈ ಕ್ರಮದಲ್ಲಿ ಹಚ್ಚುತ್ತಾ ಹೋಗಿ. ಗುಳ್ಳೆ ಎದ್ದಲ್ಲಿ ಕಾರಣವಿದೆ. ರಿಮ್ಮಿನ ಅಂಚಿನಲ್ಲಿ ಎದ್ದರೆ ಅಲ್ಲಿ ಹಳೆಯ ಕೊಳೆ, ತುಕ್ಕು ಅಥವಾ ಲಿವರಿನ ಗೀರು ಇದೆ. ಬೀಡ್ ಇಳಿಸಿ ಒರೆಸಿದರೆ ಎಷ್ಟೋ ಸಲ ನಿಲ್ಲುತ್ತದೆ. ಅಲಾಯ್‌ನ ಮೈಯಲ್ಲೇ ಗುಳ್ಳೆ ಬಂದರೆ ಅದು ಬಿರುಕು. ಅದಕ್ಕೆ ಅಂಟು ಬಳಿದು ಓಡಿಸಬೇಡಿ.

ಓಡಿಸಿದರೆ ಚಕ್ರ ತೂಗುತ್ತದೆ, ಸದ್ದು ಬರುತ್ತದೆ, ಬ್ರೇಕ್ ಬೇರೆಯಾಗಿದೆ

ಟೈರ್ ಸರಿಯಾಗಿ ಕೂತರೂ ಚಕ್ರವನ್ನು ಬೈಕಿಗೆ ಮರಳಿ ಹಾಕುವಾಗ ತಪ್ಪು ನುಸುಳುತ್ತದೆ. ಮೇನ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ಕೈಯಿಂದ ತಿರುಗಿಸಿ. ಟೈರ್ ಮೇಲೆ ಕೆಳಗೆ ಕುಣಿದರೆ ಬೀಡ್ ಸಮವಾಗಿಲ್ಲ. ಚಕ್ರ ಎಡಕ್ಕೆ ಬಲಕ್ಕೆ ಓಲಾಡಿದರೆ ರಿಮ್ ಅಥವಾ ಕಡ್ಡಿಗಳ ದೋಷ. ತಿರುಗದೆ ಬಿಗಿ ಹಿಡಿದರೆ ಆಕ್ಸಲ್ಲಿನ ಬುಶ್ ಎಡಬಲ ಅದಲುಬದಲಾಗಿದೆ ಅಥವಾ ಬ್ರೇಕ್ ಬಿಗಿಯಾಗಿದೆ. ಹಿಂದಿನ ಚಕ್ರವಾದರೆ ಚೈನ್ ಹೊಂದಿಸುವ ಗುರುತುಗಳು ಎರಡೂ ಬದಿ ಒಂದೇ ಗೆರೆಗೆ ಇರಬೇಕು, ಇಲ್ಲದಿದ್ದರೆ ಬೈಕ್ ಒಂದು ಕಡೆ ಎಳೆಯುತ್ತದೆ.

ಡ್ರಮ್ ಬ್ರೇಕಿನ ಹಿಂದಿನ ಚಕ್ರದಲ್ಲಿ ಒಂದು ಪಟ್ಟಿ ಇದೆ. ಬ್ರೇಕಿನ ತಟ್ಟೆ ಚಕ್ರದ ಜೊತೆ ತಿರುಗದಂತೆ ಹಿಡಿದಿಡುವುದು ಅದೇ. ಅದರ ನಟ್ಟು ಹಾಕಲು ಮರೆತರೆ ಬ್ರೇಕ್ ಒತ್ತಿದೊಡನೆ ತಟ್ಟೆಯೇ ಸುತ್ತಿ ಚಕ್ರ ಕಚ್ಚಿ ನಿಲ್ಲಬಹುದು. ನಟ್ಟು ಬಿಗಿದು, ಸೀಳು ಪಿನ್ ಹೊಸದನ್ನೇ ಹಾಕಿ. ಹಳೆಯದನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವ ಜಿಪುಣತನ ಇಲ್ಲಿ ಬೇಡ.

ಡಿಸ್ಕ್ ಇದ್ದರೆ ಚಕ್ರ ಹೊರಗಿದ್ದಾಗ ಯಾರೂ ಬ್ರೇಕ್ ಲಿವರ್ ಒತ್ತದಂತೆ ಪ್ಯಾಡುಗಳ ನಡುವೆ ರಟ್ಟಿನ ತುಂಡು ಸಿಕ್ಕಿಸಿಡಿ. ಒತ್ತಿದರೆ ಪ್ಯಾಡುಗಳು ಮುಂದೆ ಬಂದು ಡಿಸ್ಕ್ ಒಳಗೆ ಹೋಗುವುದಿಲ್ಲ. ಹಾಕಿದ ಮೇಲೆ ಬೈಕ್ ಹತ್ತುವ ಮುಂಚೆ ಲಿವರನ್ನು ಹಲವು ಸಲ ಒತ್ತಿ ಗಟ್ಟಿಯಾಗಿದೆಯೇ ನೋಡಿ. ಡಿಸ್ಕಿಗೆ ಸಾಬೂನು ನೀರು ಸಿಡಿದಿದ್ದರೆ ಶುದ್ಧ ನೀರಿನಲ್ಲಿ ತೊಳೆದು ಒರೆಸಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನಲ್ಲಿ ಡಿಸ್ಕಿನ ಪಕ್ಕದ ಹಲ್ಲಿನ ಉಂಗುರವನ್ನು ಟೈರ್ ಲಿವರ್ ಮುಟ್ಟದಿರಲಿ.

ಸ್ಕೂಟರ್ ಚಕ್ರದ ಮಾತು ಬೇರೆ

ಹಳೆಯ ಗೇರ್ ಸ್ಕೂಟರುಗಳ ರಿಮ್ ಎರಡು ಹೋಳುಗಳದ್ದು, ನಟ್ಟುಗಳಿಂದ ಜೋಡಿಸಿದ್ದು. ಇವಕ್ಕೆ ಲಿವರ್ ಬೇಕಿಲ್ಲ. ನಟ್ಟು ಬಿಚ್ಚಿದರೆ ಟೈರ್ ಬಿಡುತ್ತದೆ. ಆದರೆ ಹವಾ ಪೂರ್ತಿ ತೆಗೆಯದೆ ಆ ನಟ್ಟುಗಳಿಗೆ ಪಾನಾ ಹಾಕಿದರೆ ಹೋಳು ಗುಂಡಿನಂತೆ ಚಿಮ್ಮುತ್ತದೆ. ಪಿನ್ ತೆಗೆದು, ಟೈರ್ ಒತ್ತಿ ಮೆತ್ತಗಿದೆ ಎಂದು ಖಚಿತವಾದ ಮೇಲೆಯೇ ಮುಟ್ಟಿ. ಜೋಡಿಸುವಾಗ ಎರಡು ಹೋಳುಗಳ ನಡುವೆ ಟ್ಯೂಬ್ ಸಿಕ್ಕಿಕೊಂಡಿಲ್ಲವೆಂದು ಸುತ್ತಲೂ ಬೆರಳಾಡಿಸಿ ನೋಡಿ.

ಈಗಿನ ಗೇರಿಲ್ಲದ ಸ್ಕೂಟರುಗಳ 10 ಇಂಚಿನ ಟ್ಯೂಬ್‌ಲೆಸ್ ಚಕ್ರ ಒಂದೇ ತುಂಡಿನದು. ಚಿಕ್ಕ ರಿಮ್, ದಪ್ಪ ಪಕ್ಕೆ, ಕೈ ಹಿಡಿಯಲು ಜಾಗವಿಲ್ಲ. ನಾನು ಎರಡು ಸಲ ಮನೆಯಲ್ಲಿ ಪ್ರಯತ್ನಿಸಿ, ಮೂರನೆಯ ಸಲದಿಂದ ಚಕ್ರವನ್ನು ನೇರವಾಗಿ ಯಂತ್ರವಿರುವ ಅಂಗಡಿಗೆ ಒಯ್ಯುತ್ತಿದ್ದೇನೆ. ಅದರಲ್ಲಿ ನಾಚಿಕೆಯೇನಿಲ್ಲ.

ಹೊಸ ಟೈರಿನ ಮೊದಲ ಓಟಕ್ಕೆ ಚಿಗರಿ ಎಂಬ ವೇಗದ ಬಸ್ಸುಗಳು ಓಡುವ ಹುಬ್ಬಳ್ಳಿ–ಧಾರವಾಡ ಹೆದ್ದಾರಿ ಬೇಡ. ಬೆಳಗಿನ ಹೊತ್ತು ನವನಗರದಂಥ ಬಡಾವಣೆಯ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಎರಡು ಸುತ್ತು ಹಾಕಿ, ಎರಡೂ ಬ್ರೇಕ್ ಹಿಡಿದು ನೋಡಿ. ಹೊಸ ರಬ್ಬರಿನ ಮೈ ನುಣುಪಾಗಿರುತ್ತದೆ, ಮೊದಲ ನೂರೈವತ್ತು ಕಿಲೋಮೀಟರ್ ತಿರುವಿನಲ್ಲಿ ಹೆಚ್ಚು ವಾಲಿಸಬೇಡಿ. ಮನೆಗೆ ಬಂದ ಮೇಲೆ ಆಕ್ಸಲ್ ನಟ್ಟಿಗೆ ಮತ್ತೊಮ್ಮೆ ಪಾನಾ ಹಾಕಿ ಬಿಗಿ ನೋಡಿ, ಮರುದಿನ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಹವಾ ಅಳೆಯಿರಿ.